ದೀಪದ ಹೊತ್ತಿನ ಗಿಣಿ

ಹೊತ್ತು ಮುಳುಗಿತ್ತು. ಓಣಿಯ ಕಂಬಗಳ ಬೆಳಕು ಇನ್ನೂ ಹತ್ತಿರಲಿಲ್ಲ. ಬೆಟಗೇರಿಯ ಆ ಮನೆಯಲ್ಲಿ ಸೊಸೆ ಸಿಂಚನಾ ಗೋಡೆಯಲ್ಲಿನ ದೇವರ ಮಾಡದಲ್ಲಿ ದೀಪ ಹಚ್ಚಿದಳು. ಬತ್ತಿ ನೆಟ್ಟಗೆ ನಿಂತು ಉರಿಯತೊಡಗಿದ ಕೂಡಲೇ ಪಕ್ಕದ ಹಲಗೆಯ ಮೇಲಿದ್ದ ಹಸಿರು ಡಬ್ಬಿ ಮಾತಾಡಿತು. ಅದು ಅಂಗೈಯಲ್ಲಿ ಹಿಡಿಯುವಷ್ಟಿತ್ತು.

"ಶರಣ್ರಿ ನೀಲಗಂಗವ್ವಾರ. ಬೆರಳು ಜುಮುಜುಮು ಅಂತಾವೇನ್ರಿ? ಬಿಸಿ, ತಂಪು ತಿಳೀತೈತೇನ್ರಿ?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನೀಲಗಂಗವ್ವ ತಿರುಗಿ ನೋಡಲಿಲ್ಲ. "ಎಲ್ಲಾ ಚಲೋ ಐತೆಪಾ. ಆರಾಮ ಅದೀನಿ," ಎಂದಳು.

"ಭಾಳ ಚಲೋ ಆತ್ರಿ," ಎಂದಿತು ಡಬ್ಬಿ.

ಅದೇ ಗಳಿಗೆಯಲ್ಲಿ, ಆಕೆಯ ಕೊರಳೆಲುಬಿನ ಕೆಳಗೆ ಚರ್ಮದಡಿ ಹುದುಗಿದ್ದ ಹುಣಸೆಬೀಜದಷ್ಟು ಕುಡಿಕೆಯಿಂದ ಔಷಧದ ಹನಿಯೊಂದು ರಕ್ತಕ್ಕಿಳಿಯಿತು. ನಿನ್ನೆಯ ಹನಿಗಿಂತ ಅದು ಕೂದಲೆಳೆಯಷ್ಟು ದೊಡ್ಡದಾಗಿತ್ತು.

ಇದು ಈ ಶತಮಾನ ಅರ್ಧ ದಾಟಿದ ಮೇಲಿನ ಮಾತು. ರೊಟ್ಟಿ ಬಡಿಯುವ ಯಂತ್ರಗಳು ಬಂದು ಹಳತಾಗಿದ್ದವು. ಆದರೂ ಖಾನಾವಳಿಗೆ ಬಂದವರು ಕೈರೊಟ್ಟಿ ಎಲ್ಲಿ ಎಂದು ಕೇಳುವುದನ್ನು ಬಿಟ್ಟಿರಲಿಲ್ಲವಾದ್ದರಿಂದ ನೀಲಗಂಗವ್ವನ ಒಲೆ ಆರಿರಲಿಲ್ಲ. ಎದೆಯಲ್ಲಿ ಗಂಟು ಕಾಣಿಸಿಕೊಂಡು, ಕೊಯ್ದು ತೆಗೆದು, ಉಳಿದ ಬೇರನ್ನು ಸುಡಲು ಆಕೆಗೆ ಆ ಕುಡಿಕೆಯನ್ನು ಕೂರಿಸಿದ್ದರು. ಕುಡಿಕೆಗೂ ಡಬ್ಬಿಗೂ ಸೇರಿ 'ಹನಿ' ಎಂಬ ಹೆಸರಿತ್ತು. ಜನ ಮಾತ್ರ ಅದನ್ನು ಗಿಣಿ ಎಂದೇ ಕರೆಯುತ್ತಿದ್ದರು.

ಕ್ಯಾನ್ಸರಿನ ಔಷಧಕ್ಕೆ ಹಿಂದಿನವರು ಹೆದರುತ್ತಿದ್ದುದರಲ್ಲಿ ತಪ್ಪಿಲ್ಲ. ಬೆಳೆಯುವ ಅವಸರದಲ್ಲಿರುವ ಜೀವಕೋಶಗಳನ್ನೆಲ್ಲ ಅದು ಹೊಡೆಯುತ್ತದೆ. ಇದು ಗಂಟಿನದೋ, ಕೂದಲ ಬುಡದ್ದೋ, ಬಾಯಿಯ ಒಳಪದರದ್ದೋ ಎಂದು ವಿಚಾರಿಸುವ ತಾಳ್ಮೆ ಅದಕ್ಕಿಲ್ಲ. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ರೋಗಿ ಉಳಿಯುವುದಿಲ್ಲ. ನಡುವಿನ ದಾರಿ ಹೊಲದ ಬದುವಿನಷ್ಟು ಕಿರಿದು, ಅದೂ ಒಬ್ಬೊಬ್ಬರಿಗೆ ಒಂದೊಂದು ಕಡೆ. ಮೊದಲೆಲ್ಲ ಎತ್ತರ, ತೂಕ ನೋಡಿ ಅಳತೆ ಕಟ್ಟಿ, ವಾರಗಳಿಗೊಮ್ಮೆ ಬಾಟಲಿಯಿಂದ ಹರಿಸುತ್ತಿದ್ದರು. ಡಾಕ್ಟರ್ ಶಾಲ್ಮಲಾ ಹುಯಿಲಗೋಳ ಎಂಬ ವಿಜ್ಞಾನಿ ಆ ಪದ್ಧತಿಯನ್ನು ತಿರುವಿಹಾಕಿದಳು. ಆಕೆಯ ಕುಡಿಕೆ ತಾನೇ ರಕ್ತವನ್ನು ಪರೀಕ್ಷಿಸಿ, ಬಿಳಿಯ ಕಣಗಳೆಷ್ಟಿವೆ, ಯಕೃತ್ತು ದಣಿದಿದೆಯೇ ಎಂದು ತಿಳಿದುಕೊಂಡು, ದಿನಕ್ಕೊಂದೇ ಹನಿ ಬಿಡುತ್ತಿತ್ತು.

ಆದರೆ ನರಗಳ ಸಂಕಟ ರಕ್ತದಲ್ಲಿ ಕಾಣುವುದಿಲ್ಲ. ಆ ಔಷಧ ಜೀವಕೋಶದೊಳಗಿನ ಸಣ್ಣ ಸಣ್ಣ ಎಳೆಗಳನ್ನು ಬಿರುಸಾಗಿಸಿ, ಕೋಶ ಎರಡಾಗಿ ಒಡೆಯದಂತೆ ತಡೆಯುತ್ತಿತ್ತು. ನರಗಳ ತುದಿಗೆ ಆಹಾರ ಸಾಗುವುದೂ ಅಂಥ ಎಳೆಗಳ ಮೇಲೆಯೇ. ಆದ್ದರಿಂದ ಬಹಳ ಉದ್ದದ ನರಗಳು, ಅಂದರೆ ಕೈಬೆರಳಿಗೂ ಪಾದಕ್ಕೂ ಹೋಗುವಂಥವು, ಮೊದಲು ಹಸಿಯುತ್ತವೆ. ಬೆರಳು ಜುಮುಗುಟ್ಟುತ್ತದೆ, ಆಮೇಲೆ ಮರಗಟ್ಟುತ್ತದೆ. ಇದನ್ನು ತಿಳಿಯಲು ಒಂದೇ ದಾರಿ, ಕೇಳುವುದು. ಅದಕ್ಕೇ ಗಿಣಿ. ತೊಂದರೆಯಿದೆ ಎಂದರೆ ಹನಿ ನಿಲ್ಲುತ್ತದೆ, ಇಲ್ಲ ಎಂದರೆ ಒಂದಿಷ್ಟು ಏರುತ್ತದೆ. ಎಲುಬಿನೊಳಗಿನ ಮಜ್ಜೆ ವಿಶ್ರಾಂತಿಗೆ ಜಾರುವ ಹೊತ್ತಿನಲ್ಲಿ ಔಷಧ ಬಿದ್ದರೆ ಹಾನಿ ಕಡಿಮೆ ಎಂದು ಲೆಕ್ಕ ಹಾಕಿ, ಅದಕ್ಕೆ ಸಂಜೆಯ ಸಮಯ ಗೊತ್ತುಮಾಡಿದ್ದರು. ಉಳಿದ ಹೊತ್ತೆಲ್ಲ ಗಿಣಿ ಕಿವುಡು. ಮನೆಯ ಮಾತನ್ನು ಯಂತ್ರ ಕದ್ದು ಕೇಳಬಾರದಲ್ಲ.

ಇನ್ನೊಂದು ಕಟ್ಟಳೆಯನ್ನು ಶಾಲ್ಮಲಾ ಹಟ ಹಿಡಿದು ಸೇರಿಸಿದ್ದಳು. ಹನಿಯನ್ನು ತಡೆಯುವ ಅಧಿಕಾರ ರೋಗಿಯ ದನಿಗೆ ಮಾತ್ರ. ಮಗನಿಗಿಲ್ಲ, ಗಂಡನಿಗಿಲ್ಲ, ವೈದ್ಯರಿಗೂ ಇಲ್ಲ. "ನಮ್ಮ ಮನೆಗಳಲ್ಲಿ ರೋಗಿಯ ಪರವಾಗಿ ಎಲ್ಲರೂ ಮಾತಾಡುತ್ತಾರೆ, ರೋಗಿಯೊಬ್ಬಳನ್ನು ಬಿಟ್ಟು," ಎಂದು ಆಕೆ ಸಭೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಈಗ ಅದೇ ಶಾಲ್ಮಲಾ ಸಂಶೋಧನಾ ಕೇಂದ್ರದಲ್ಲಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು. ಎಲ್ಲವೂ ಚೆನ್ನಾಗಿತ್ತು. ಅದೇ ಆಕೆಯ ಚಿಂತೆ.

"ಕುಡಿಕಿ ಕೂಡ್ರಿಸಿದ ಮುನ್ನೂರು ಮಂದ್ಯಾಗ ಒಬ್ಬರಿಗೂ ಬೆರಳು ಜುಮ್ ಅಂದಿಲ್ಲ. ಅಡ್ಡಪರಿಣಾಮ ಇಲ್ಲದ ಔಷಧ! ಬರೂ ವಾರ ಎಲ್ಲಾರಿಗೂ ತಿಳಸೂಣು. ಇನ್ನೇನು ಬೇಕ್ರಿ ನಿಮಗ?" ಎಂದರು ಕೇಂದ್ರದ ಮುಖ್ಯಸ್ಥ ಮಠಪತಿಯವರು.

"ಅದಕ್ಕ ನಿದ್ದಿ ಬರವಲ್ದು ಸರ್. ಮುನ್ನೂರು ಮಂದಿ ಮದುವಿ ಊಟಕ್ಕ ಕುಂತ್ರ ಒಬ್ಬರಾದ್ರೂ ಉಪ್ಪು ಕಮ್ಮಿ ಅಂತಾರ."

ಮಠಪತಿಯವರು ನಕ್ಕರು. ಶಾಲ್ಮಲಾಗೆ ನಗು ಬರಲಿಲ್ಲ. ಮತ್ತೆ ಹೋಗಿ, ಗಿಣಿಗಳು ಕಳಿಸಿದ ಸಂಜೆಯ ಉತ್ತರಗಳನ್ನು ಕೇಳುತ್ತ ಕೂತಳು. ಆರಾಮ ಅದೀನಿ, ಆರಾಮ ಅದೀನಿ. ಒಬ್ಬ ಹೆಂಗಸಿನ ಉತ್ತರದ ಹಿಂದೆ ರೊಟ್ಟಿ ಬಡಿಯುವ ಸದ್ದಿತ್ತು. ಮೊದಲ ತಿಂಗಳಲ್ಲಿ ಅದು ಭಜನೆಯ ತಾಳದ ಹಾಗೆ ಒಂದೇ ಸಮ ಬೀಳುತ್ತಿತ್ತು. ಈಚೆಗೆ ಎಡವುತ್ತಿತ್ತು. ಎರಡು ಬಡಿತ ಬಿದ್ದು ನಿಲ್ಲುವುದು, ಹುಡುಕಿದಂತೆ ಮತ್ತೊಂದು ಬೀಳುವುದು. ಬಾಯಿ ಆರಾಮ ಎನ್ನುತ್ತಿತ್ತು, ಕೈ ಹಾಗೆನ್ನುತ್ತಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಆಕೆ ಬೆಟಗೇರಿಯ ದಾರಿ ಹಿಡಿದಳು.

"ಬರ್ರಿ ಅಕ್ಕಾರ, ಒಳಗ ಬರ್ರಿ! ಸಿಂಚನಾ, ಗಿಣಿ ಹೆತ್ತಾಕಿ ಬಂದಾಳ ನೋಡವಾ, ಚಾ ಇಡು," ಎಂದು ನೀಲಗಂಗವ್ವ ಕೂತಲ್ಲಿಂದಲೇ ಸ್ವಾಗತಿಸಿದಳು. ಸಿಂಚನಾ ಬಸುರಿ, ಹೊಟ್ಟೆ ಮುಂದೆ ಮಾಡಿಕೊಂಡು ನಿಧಾನವಾಗಿ ಓಡಾಡುತ್ತಿದ್ದಳು. ಹಿತ್ತಿಲ ತಂತಿಯ ಮೇಲೆ ಅತ್ತೆಯ ಸೀರೆಗಳು ಬೇರೆಯಾಗಿ ಒಣಗುತ್ತಿದ್ದವು. ಈ ಔಷಧ ಬೆವರಿನಲ್ಲೂ ಮೂತ್ರದಲ್ಲೂ ಹೊರಬೀಳುವುದರಿಂದ ಬಸುರಿಯಾದವಳು ಆ ಬಟ್ಟೆಗಳನ್ನು ಮುಟ್ಟಬಾರದೆಂದು ಕೇಂದ್ರದವರು ಹೇಳಿದ್ದರು. ನೀಲಗಂಗವ್ವ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದಳು.

"ಓಣಿ ಮಂದಿ ಆಡ್ಕೊಂಡು ನಗ್ತಾರ್ರಿ. ಸೊಸಿ ಇದ್ದೂ ಅತ್ತಿ ಅರಬಿ ಒಗಿತಾಳ ಅಂತ. ನಗಲಿ. ನಕ್ಕರ ಅವರ ಹಲ್ಲ ಕಾಣ್ತಾವ, ನಂದೇನು ಹೋಗೂದೈತಿ," ಎನ್ನುತ್ತ ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಲು ಕೈ ಚಾಚಿದಳು.

ಅವಳ ಬೆರಳುಗಳು ಕಾದ ಹಂಚಿನ ಮೇಲೆ ಇಳಿದವು. ಅಲ್ಲಿಯೇ ಉಳಿದವು. ರೊಟ್ಟಿಯ ಅಂಚು ಎಲ್ಲಿದೆಯೆಂದು ಕಣ್ಣಿನಿಂದ ಹುಡುಕುತ್ತಿದ್ದಳು. ಸುಟ್ಟ ವಾಸನೆ ಬಂತು, ರೊಟ್ಟಿಯದಲ್ಲ. ಶಾಲ್ಮಲಾ ಹಾರಿ ಹೋಗಿ ಮಣಿಕಟ್ಟು ಹಿಡಿದೆಳೆದಳು. ಬೆರಳ ತುದಿಗಳೆಲ್ಲ ಹಳೆಯ ಬೊಕ್ಕೆ, ಹೊಸ ಬೊಕ್ಕೆ.

"ಸುಡಲಿಲ್ಲೇನ್ರಿ ಅವ್ವಾರ?"

"ಎಲ್ಲಿ ಸುಡತೈತಿ, ಬೆರಳಾಗ ಜೀವ ಇದ್ರಲ್ಲ? ಹಿಟ್ಟು ಮುಟ್ಟಿದ್ರ ಬೂದಿ ಮುಟ್ಟಿದಂಗ, ನೀರು ಮುಟ್ಟಿದ್ರ ಗಾಳಿ ಮುಟ್ಟಿದಂಗ." ನೆರೆಮನೆಯ ಸುದ್ದಿ ಹೇಳುವವಳ ಹಾಗೆ ನೀಲಗಂಗವ್ವ ಹೇಳುತ್ತಿದ್ದಳು. "ಪಾದನೂ ಹಂಗ. ಮೊನ್ನೆ ಒಂದ ಕಾಲಾಗಿನ ಚಪ್ಪಲಿ ಹಾದ್ಯಾಗ ಬಿದ್ದದ್ದ ತಿಳೀಲಿಲ್ಲ. ಒಂದ ಚಪ್ಪಲಿ ಮ್ಯಾಲ ಬನಶಂಕರಿ ಗುಡಿತನಕ ಹೋಗೀನಿ. ಪೂಜಾರಪ್ಪ, ಏನವ್ವಾ ಹೊಸಾ ಹರಕಿ ಏನು, ಅಂದ."

ಸಿಂಚನಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿದ್ದನ್ನು ಶಾಲ್ಮಲಾ ಕಂಡಳು.

"ಮತ್ತ ದಿನಾ ಸಂಜಿಗೆ ಆರಾಮ ಅದೀನಿ ಅಂತೀರಲ್ರಿ ಗಿಣಿಗೆ!"

ಅತ್ತೆ ಸೊಸೆ ಇಬ್ಬರೂ ಸಣ್ಣ ಮಗುವನ್ನು ನೋಡುವ ಹಾಗೆ ಆಕೆಯನ್ನು ನೋಡಿದರು.

"ಅದು ದೀಪದ ಹೊತ್ತಲ್ರಿ. ಆ ಹೊತ್ತಿನ್ಯಾಗ ಅಸ್ತು ದೇವತಿಗಳು ತಿರಗತಿರ್ತಾವ. ಕೆಟ್ಟ ಮಾತ ಆಡಿದ್ರ ಅಸ್ತು ಅಂದಬಿಡ್ತಾವ, ಹಂಗ ಆಗತೈತಿ," ಎಂದಳು ಸಿಂಚನಾ.

"ಮುಂಜಾನೆ ಕೇಳಿದ್ರ ಎಲ್ಲಾ ಹೇಳ್ತಿದ್ದೆ," ಎಂದಳು ನೀಲಗಂಗವ್ವ. "ನಿಮ್ಮ ಗಿಣಿ ಮುಂಜಾನೆ ಬಾಯಿ ಬಿಡಂಗಿಲ್ಲಲ್ಲ."

ಶಾಲ್ಮಲಾ ನೆಲದ ಮೇಲೆ ಕೂತುಬಿಟ್ಟಳು. ಆಕೆಯ ಅಜ್ಜಿಯೂ ಮುಸ್ಸಂಜೆಯಲ್ಲಿ ಮೊಮ್ಮಗಳು ಅತ್ತರೆ ಬಾಯಿ ಮುಚ್ಚಿಸುತ್ತಿದ್ದಳು. "ದೀಪದ ಹೊತ್ತಿಗೆ ಬ್ಯಾಡ ಕೂಸ," ಎನ್ನುತ್ತಿದ್ದಳು. ಅಷ್ಟು ವರ್ಷದ ಸಂಶೋಧನೆಯಲ್ಲಿ ಒಮ್ಮೆಯೂ ಅದು ನೆನಪಾಗಿರಲಿಲ್ಲ. ಕೇಂದ್ರದ ಗೋಡೆಯ ಮೇಲೆ ಸಂಜೆಯೆಂದರೆ ಬರಿಯ ಅಂಕಿ. ಆ ಅಂಕಿಯ ಹೊತ್ತಿಗೆ ಮನೆಮನೆಯಲ್ಲಿ ದೀಪ ಹಚ್ಚುತ್ತಾರೆಂಬುದು ಅಲ್ಲಿ ಯಾರ ಲೆಕ್ಕದಲ್ಲೂ ಬಂದಿರಲಿಲ್ಲ.

ಹೊರಗೆ ಹೋಗಿ ಮಠಪತಿಯವರಿಗೆ ಫೋನು ಮಾಡಿದಳು. ಅವರು ಹೇಳಿದರು. "ಕುಡಿಕಿ ತಗಸಬಹುದು. ಆದ್ರ ತಗದದ್ದನ್ನ ಮತ್ತ ಕೂಡ್ರಸಾಕ ಬರೂದಿಲ್ಲ, ನಿಮಗ ಗೊತ್ತೈತಿ. ಆಕಿ ಚಿಕಿತ್ಸಾ ಅಲ್ಲಿಗೇ ಮುಗೀತು, ಬೇರು ಮತ್ತ ಚಿಗೀತೈತಿ. ಅದು ಬ್ಯಾಡಂದ್ರ ಹನಿ ಆಕಿ ಬಾಯಿಂದನ ನಿಲ್ಲಬೇಕು. ಆ ಕಟ್ಟಳಿ ನಿಮ್ದ ಐತಿ, ಡಾಕ್ಟರ್."

ಶಾಲ್ಮಲಾ ಒಳಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ನರವೆಂದರೆ ಬೇರಿದ್ದ ಹಾಗೆ, ಬಾಡಿದ್ದು ನೀರು ಕಂಡರೆ ಚಿಗುರೀತು, ಪೂರಾ ಒಣಗಿದ್ದು ಚಿಗುರುವುದಿಲ್ಲ. ಈ ಹನಿ ಇನ್ನೂ ಏರುತ್ತ ಹೋದರೆ ಕೈ ಮತ್ತೆ ಬಾರದಿರಬಹುದು, ನಡೆಯುವುದೂ ನಿಲ್ಲಬಹುದು. ಗಿಣಿ ಕೇಳುವ ಹೊತ್ತನ್ನು ಬದಲಿಸಲು ವಾರಗಳೇ ಬೇಕು, ಆದರೆ ಇವತ್ತಿನ ಹನಿಯನ್ನೇ ತಡೆಯಬೇಕು. ಸಂಜೆ ಗಿಣಿ ಕೇಳಿದಾಗ, ಬೆರಳು ಸತ್ತಿವೆ ಎಂಬ ಒಂದು ಮಾತು ಆಡಿದರೆ ಸಾಕು.

"ಆಗೂದಿಲ್ಲ," ಎಂದಳು ನೀಲಗಂಗವ್ವ.

"ಅತ್ತಿ, ಹೇಳ್ರಿ. ನನಗೇನೂ ಆಗಂಗಿಲ್ಲ," ಎಂದಳು ಸಿಂಚನಾ.

"ನಿನಗಲ್ಲ, ಒಳಗಿರೂದಕ್ಕ. ದೀಪದ ಮುಂದ, ಬಸುರಿ ಇದ್ದ ಮನ್ಯಾಗ, ಸತ್ತಾವ ಅಂತ ಮಾತ ಹೆಂಗ ಆಡ್ಲಿ? ಕೈ ಹೋದ್ರ ಹೋಗಲಿ, ರೊಟ್ಟಿ ಬಡಿಯಾಕ ಯಂತ್ರ ಅದಾವ."

ಶಾಲ್ಮಲಾ ವಾದಿಸಿದಳು, ಬೇಡಿಕೊಂಡಳು, ಸಿಟ್ಟಾದಳು. ಇದೆಲ್ಲ ಮೂಢನಂಬಿಕೆ ಎನ್ನಲು ಬಾಯಿ ತೆರೆದವಳು, ಬಿಳಿಚಿದ ಆ ಬೆರಳುಗಳನ್ನು ನೋಡಿ ಬಾಯಿ ಮುಚ್ಚಿದಳು. ಮಗುವಿಗೆ ತಾಗದಿರಲೆಂದು ತನ್ನ ಬಟ್ಟೆ ತಾನೇ ಒಗೆದುಕೊಳ್ಳುವವಳು, ಮಗುವಿಗೆ ತಾಗದಿರಲೆಂದು ತನ್ನ ಮಾತನ್ನೂ ನುಂಗಿಕೊಳ್ಳುತ್ತಿದ್ದಳು. ಒಂದನ್ನು ಕೇಂದ್ರದವರು ಎಚ್ಚರಿಕೆ ಎಂದು ಹೊಗಳಿದ್ದರು. ಇನ್ನೊಂದನ್ನು ಯಾವ ಬಾಯಿಂದ ಹಳಿಯುವುದು?

ಬಿಸಿಲು ಹಿತ್ತಿಲ ಗೋಡೆಯಿಂದ ಇಳಿಯತೊಡಗಿತು. ಶಾಲ್ಮಲಾ ಬಾಗಿಲಿಗೂ ಮಾಡಕ್ಕೂ ಎಡತಾಕುತ್ತಿದ್ದಳು.

"ಕುಂದರ್ರಿ ಅಕ್ಕಾರ, ನೆಲ ಸವದೀತು," ಎಂದಳು ನೀಲಗಂಗವ್ವ. "ನಾ ಯಾಕ ಒಲ್ಲೆ ಅಂತೀನಿ ಕೇಳ್ರಿ. ನಮ್ಮಜ್ಜಿ ಹೇಳ್ತಿದ್ಲು. ಒಬ್ಬಾಕಿಗೆ ಒಬ್ಬಾಕಿ ಮಗಳು. ಹೊರಗ ಆಡಾಕ ಹೋದಾಕಿ ಹೊತ್ತು ಮುಳುಗಿದ್ರೂ ಒಳಗ ಬರವಲ್ಲಳು. ಕರದು ಕರದು ಸಾಕಾಗಿ ತಾಯಿ, ಅಲ್ಲೇ ಕಲ್ಲಾಗಿ ನಿಲ್ಲು, ಅಂದ್ಲು. ದೀಪದ ಹೊತ್ತು. ಅಸ್ತು ಅಂದ್ವು. ಹುಡುಗಿ ಬಾಗಲದಾಗ ಕಲ್ಲಾಗಿ ನಿಂತ್ಲು."

"ಆತ್ರಿ ಅವ್ವಾರ, ತಿಳೀತು," ಎಂದಳು ಶಾಲ್ಮಲಾ. ಆಕೆಯ ಕಣ್ಣು ಆಕಾಶದ ಮೇಲಿತ್ತು.

"ತಡೀರಿ, ಕತಿ ನಡುವ ಬಿಡಬಾರದು. ಆ ತಾಯಿ ಊರು ಬಿಡಲಿಲ್ಲ. ದಿನಾ ಆ ಕಲ್ಲಿಗೆ ಎಣ್ಣಿ ಹಚ್ಚೂದು, ನೀರು ಹಾಕೂದು, ತಲಿ ಹಿಕ್ಕಿದಂಗ ಕೈ ಆಡಸೂದು. ವರ್ಷ ತುಂಬಿದ ದಿನ, ಅದ ಹೊತ್ತಿಗೆ ದೀಪ ಹಚ್ಚಿ, ನನ್ನ ಕೂಸು ನಕ್ಕೋಂತ ಒಳಗ ಬರ್ಲಿ, ಅಂದ್ಲು. ಅದಕ್ಕೂ ಅಸ್ತು ಅಂದ್ವು. ಕಲ್ಲು ಕಣ್ಣು ಪಿಳುಕಿಸ್ತು. ಹುಡುಗಿ ಕುಣಕೋಂತ ಒಳಗ ಬಂದು, ಅವ್ವಾ ಹಸಿವಿ, ಅಂದ್ಲು. ಇಷ್ಟ ಕತಿ."

ಶಾಲ್ಮಲಾ ನಡೆಯುವುದನ್ನು ನಿಲ್ಲಿಸಿದಳು.

"ಅವ್ವಾರ, ಒಳ್ಳೆ ಮಾತಿಗೂ ಅಸ್ತು ಅಂತಾವೇನ್ರಿ?"

"ಮತ್ತ? ಅವು ದೇವತಿಗಳಲ್ಲೇನು? ನಮ್ಮ ಬಾಯಿ ಹೆಂಗೋ ಹಂಗ."

"ಹಂಗಾದ್ರ ಕೆಟ್ಟದ್ದು ಹೇಳಬ್ಯಾಡ್ರಿ. ಬೇಡ್ಕೊಳ್ರಿ. ನಿಮ್ಮ ಕೈಗೆ ಏನಾಗಬೇಕು ಅದನ್ನ ಬೇಡ್ಕೊಳ್ರಿ."

ನೀಲಗಂಗವ್ವ ಒಲೆಯ ಬೆಂಕಿ ತಗ್ಗಿಸಿದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಮುಖ ತೊಳೆದು ಬಂದಳು.

ಸಿಂಚನಾ ದೀಪ ಹಚ್ಚಿದಳು. ಗಿಣಿ ಬಾಯಿ ಬಿಟ್ಟಿತು. "ಶರಣ್ರಿ ನೀಲಗಂಗವ್ವಾರ. ಬೆರಳು ಜುಮುಜುಮು ಅಂತಾವೇನ್ರಿ? ಬಿಸಿ, ತಂಪು ತಿಳೀತೈತೇನ್ರಿ?"

ನೀಲಗಂಗವ್ವ ಡಬ್ಬಿಯ ಕಡೆ ನೋಡಲಿಲ್ಲ. ದೀಪಕ್ಕೆ ಕೈ ಮುಗಿದಳು. "ತಾಯಿ ಬನಶಂಕರಿ, ನನ್ನ ಬೆರಳಿಗೆ ಬಿಸಿ ತಿಳೀಲಿ. ನನ್ನ ಪಾದಕ್ಕ ನೆಲ ತಿಳೀಲಿ. ಹುಟ್ಟಿ ಬರೂ ಕೂಸಿನ ಕೆನ್ನಿ ಎಷ್ಟು ಮೆತ್ತಗ ಐತಿ ಅಂತ ಈ ಕೈಗೆ ತಿಳೀಲಿ."

ಡಬ್ಬಿಯ ಮೇಲಿನ ಸಣ್ಣ ಬೆಳಕು ಮಿಣುಕಿತು. "ತಿಳೀಲಿಲ್ರಿ. ಬಿಸಿ ತಿಳೀತೈತೋ ಇಲ್ಲೋ?"

ಶಾಲ್ಮಲಾ ಡಬ್ಬಿಯತ್ತ ಒಂದು ಹೆಜ್ಜೆ ಇಟ್ಟು ನಿಂತಳು. ಗಿಣಿ ಮೂರು ಸಲ ಕೇಳುತ್ತದೆ. ಮೂರನೆಯ ಸಲವೂ ಅರ್ಥವಾಗದಿದ್ದರೆ ನಿನ್ನೆಯ ಉತ್ತರವನ್ನೇ ನಂಬಿ ಹನಿ ಬಿಡುತ್ತದೆ. ಹಾಗೆ ಕಲಿಸಿದವಳು ತಾನೇ. ತಾನು ಬಾಯಿ ಹಾಕಿದರೆ ಅದು ಕೇಳುವುದಿಲ್ಲ, ಹಾಗೆ ಕಲಿಸಿದವಳೂ ತಾನೇ.

"ಬಿಸಿ ತಿಳೀಲಿ ಅಂತ ಬೇಡ್ಕೊಂಡೀನಿ," ಎಂದಳು ನೀಲಗಂಗವ್ವ.

"ತಿಳೀಲಿಲ್ರಿ. ಇನ್ನೊಂದ ಸಲ ಹೇಳ್ರಿ. ತಿಳೀತೈತೋ ಇಲ್ಲೋ?"

ಇಲ್ಲ ಎನ್ನುವ ಎರಡಕ್ಷರ ಆಕೆಯ ತುಟಿಯವರೆಗೆ ಬಂದು, ಸಿಂಚನಾಳ ಹೊಟ್ಟೆಯ ಮೇಲೆ ಕಣ್ಣು ಬಿದ್ದು, ಹಿಂದೆ ಸರಿಯಿತು. ಆಮೇಲೆ ಆಕೆ ಥಟ್ಟನೆ ಡಬ್ಬಿಯ ಕಡೆ ತಿರುಗಿದಳು, ಮಾತು ಕೇಳದ ಮೊಮ್ಮಗನನ್ನು ಗದರುವ ಹಾಗೆ.

"ಏ ಗಿಣಿ, ಇಷ್ಟು ಶಾಣ್ಯಾ ಅದಿ, ಇದೊಂದು ತಿಳಿಯೂದಿಲ್ಲೇನು? ಕೈಯಾಗ ಇದ್ದದ್ದನ್ನ ಯಾರಾದ್ರೂ ಬೇಡ್ತಾರೇನು?"

ದೀಪದ ಬತ್ತಿ ಚಿಟಿಲೆಂದಿತು. ಸಿಂಚನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ತಿಳೀತ್ರಿ," ಎಂದಿತು ಗಿಣಿ. "ಇವತ್ತಿನ ಹನಿ ತಡದೀನಿ."

ಮಾಡದ ಹಿಂದೆಲ್ಲೋ ಹಲ್ಲಿ ಲೊಚಗುಟ್ಟಿತು. ಸಿಂಚನಾ ನೆಲಕ್ಕೆ ಬೆರಳು ತಟ್ಟಿ "ಸತ್ಯ" ಎಂದಳು. ಶಾಲ್ಮಲಾ ಗೋಡೆಗೆ ಹಣೆ ಹಚ್ಚಿ ನಿಂತಳು. ಆಕೆ ದೇವರನ್ನು ನೆನೆದಳೋ, ತನ್ನ ಯಂತ್ರವನ್ನೋ, ಹೇಳುವುದು ಕಷ್ಟ.

ಔಷಧಕ್ಕೆ ಅಡ್ಡಪರಿಣಾಮವಿಲ್ಲ ಎಂಬ ಘೋಷಣೆ ಹೊರಬೀಳಲಿಲ್ಲ. ಮುನ್ನೂರು ಮನೆಗಳಿಗೂ ಬೆಳಗಿನ ಹೊತ್ತು ಜನರನ್ನು ಕಳಿಸಿ ಕೇಳಿಸಿದಾಗ, ಗುಂಡಿ ಹಾಕಲಾರದ ಬೆರಳುಗಳು, ಮಣ್ಣಿನ ರುಚಿಯ ನಾಲಿಗೆಗಳು, ಮೆಟ್ಟಿಲು ಕಾಣದ ಪಾದಗಳ ಸುದ್ದಿ ಬಂತು. ಔಷಧ ಕೆಟ್ಟದ್ದಾಗಿರಲಿಲ್ಲ, ಎಷ್ಟೋ ಜನರ ಗಂಟು ಕರಗಿತ್ತು. ಆದರೆ ಬದು ಎಲ್ಲಿದೆಯೆಂದು ತಿಳಿಯದೆ ನಡೆಸಿದ್ದರು. ಮಠಪತಿಯವರು ವಾರಗಟ್ಟಲೆ ಮುಖ ಬಿಗಿದುಕೊಂಡಿದ್ದರು. ಆಮೇಲೆ ಅವರೇ ಒಂದು ದಿನ, "ಉಪ್ಪು ಕಮ್ಮಿ ಇತ್ರಿ," ಎಂದರು.

ನೀಲಗಂಗವ್ವನ ಹನಿ ಆಕೆಯ ಮಾತಿನಿಂದಲೇ ಕೆಲವು ದಿನ ನಿಂತು, ಆಮೇಲೆ ಸಣ್ಣದಾಗಿ ಮುಂದುವರಿಯಿತು. ಜೀವ ಎಲ್ಲ ಬೆರಳಿಗೂ ಮರಳಲಿಲ್ಲ. ಎಡಗೈಯ ಎರಡು ಬೆರಳು ಕಲ್ಲಾಗಿಯೇ ಉಳಿದವು, ರೊಟ್ಟಿ ತಿರುವಲು ಆಕೆ ಇಕ್ಕಳ ಹಿಡಿದಳು. ಆದರೆ ಸಿಂಚನಾ ಹೆತ್ತು ಮನೆಗೆ ಬಂದ ದಿನ, ಆಕೆ ಎರಡೆರಡು ಸಲ ಕೈ ತೊಳೆದು, ಕೇಂದ್ರದವರು ಹೇಳಿದಂತೆ ತೆಳುವಾದ ಕೈಗವಸು ತೊಟ್ಟು, ಮಗುವಿನ ಕೆನ್ನೆ ಮುಟ್ಟಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಈಗ ಗಿಣಿ ಮುಂಜಾನೆಯೂ ಕೇಳುತ್ತದೆ. ಸಂಜೆ ಮಾತ್ರ ಅದರ ಪ್ರಶ್ನೆ ಬೇರೆ. "ಏನು ಬೇಕ್ರಿ?" ಎನ್ನುತ್ತದೆ. ಬಾಯಿಗೆ ಬೆಲ್ಲ ಸಿಹಿಯಾಗಲಿ ಎಂದು ಒಬ್ಬರು ಬೇಡಿದರು. ಮಕ್ಕಳು ನನ್ನ ಮುಂದೆ ಪಿಸುಗುಡದಿರಲಿ ಎಂದು ಮತ್ತೊಬ್ಬರು. ನಾಳೆಯೂ ಹೀಗೆ ಕೇಳು ಎಂದಷ್ಟೇ ಒಬ್ಬ ಮುದುಕ. ಇವುಗಳಲ್ಲಿ ಹನಿಯ ಲೆಕ್ಕಕ್ಕೆ ಸಿಕ್ಕುವಂಥವು ಕೆಲವೇ. ಉಳಿದವುಗಳನ್ನು ಏನು ಮಾಡುವುದೆಂದು ತಿಳಿಯದೆ ಶಾಲ್ಮಲಾ ಈಗಲೂ ಕೂತಲ್ಲಿ ಕೂರುವುದಿಲ್ಲ.

ಇದೆಲ್ಲ ಮುಂದೆಂದೋ ನಡೆಯುವ ಮಾತು, ಆ ಹಸಿರು ಡಬ್ಬಿ ಇನ್ನೂ ಹುಟ್ಟಿಲ್ಲ. ಅದು ಹುಟ್ಟುವ ತನಕ ಕೇಳುವ ಕೆಲಸ ನಮ್ಮದೇ. ಈ ಸಂಜೆಯೂ ಯಾವುದೋ ಮನೆಯಲ್ಲಿ ದೀಪ ಹಚ್ಚಿರುತ್ತಾರೆ. ಆಸ್ಪತ್ರೆಯಲ್ಲಿ ಔಷಧ ಹರಿಸಿಕೊಂಡು ಬಂದ ಜೀವವೊಂದು ಗೋಡೆಗೆ ಒರಗಿ ಕೂತಿರುತ್ತದೆ. ನಾವು ಹೊಸ್ತಿಲಲ್ಲೇ, ಚಪ್ಪಲಿ ಕಳಚದೆ ನಿಂತು, "ಆರಾಮ?" ಎನ್ನುತ್ತೇವೆ. "ಆರಾಮ" ಎನ್ನುತ್ತಾರೆ ಅವರು. ನಮಗೂ ಅಷ್ಟೇ ಬೇಕಿರುತ್ತದೆ, ಹಗುರಾಗಿ ಹೊರಡುತ್ತೇವೆ. ಅವರ ಕೈಯಲ್ಲಿ ಚಹಾದ ಲೋಟವಿರುತ್ತದೆ. ಅದು ಬಿಸಿಯಿದೆಯೋ ತಣ್ಣಗಾಗಿದೆಯೋ ಎಂದು ಅವರು ಕಣ್ಣಿನಿಂದ, ಹಬೆ ನೋಡಿ ತಿಳಿದುಕೊಳ್ಳುತ್ತಿರುತ್ತಾರೆ.